ಹೆಸರಿನ ಕಲ್ಲು

ಬಸವನ ಬಾಗೇವಾಡಿ
14 ಮಾರ್ಚ್ 2004

ಚಿರಂಜೀವಿ ತಮ್ಮ ಶ್ರೀಶೈಲಪ್ಪನಿಗೆ, ನೀನು ಮರೆತಿದ್ದ ಅಕ್ಕನ ಆಶೀರ್ವಾದ.

ಹತ್ತು ವರ್ಷದ ಮೇಲೆ ನಿನ್ನ ಅಕ್ಷರ ನೋಡಿದೆ. ದುಂಡಗೆ ಬರೆಯುವ ಚಟ ಇನ್ನೂ ಹೋಗಿಲ್ಲ. ಅಕ್ಕ ಇದ್ದಾಳೋ ಸತ್ತಾಳೋ ಎಂದು ಒಂದು ಸಾಲು ಕೇಳಿದ್ದರೆ ಪತ್ರ ಇನ್ನೂ ಚೆಂದ ಆಗುತ್ತಿತ್ತು. ನೀನು ಕೇಳಿದ್ದು ಕಲ್ಲನ್ನು. ಇರಲಿ.

ತಾಳಿಕೋಟೆ ಬಜಾರದ ರಸ್ತೆ ಅಗಲ ಮಾಡಲು ನಮ್ಮ ಮಳಿಗೆಯ ಮುಂಭಾಗ ಹನ್ನೆರಡು ಅಡಿ ಒಡೆಯುತ್ತಾರೆ, ಅದು 1960ರ ನಂತರ ರಸ್ತೆಯ ಜಾಗದಲ್ಲಿ ಕಟ್ಟಿದ್ದು ಅನ್ನುತ್ತಾರೆ, ಹಳೆಯ ಕಾಗದವೆಲ್ಲ ಗೆದ್ದಲು ತಿಂದಿವೆ, ಅಪ್ಪ ಇಸವಿ ಕೆತ್ತಿಸಿದ್ದ ಕಲ್ಲೊಂದೇ ಸಾಕ್ಷಿ, ಇಪ್ಪತ್ತೆರಡಕ್ಕೆ ಅದನ್ನು ಕೋರ್ಟಿಗೆ ತರಬೇಕು. ಎಲ್ಲ ತಿಳಿಯಿತು.

ಆ ಮುಂಭಾಗ ಎದ್ದಾಗ ನೀನು ತೊಟ್ಟಿಲಲ್ಲಿದ್ದೆ, ನಾನು ಏಳು ವರ್ಷದವಳು. ಗಾರೆ ಅರೆಯುವ ಎತ್ತಿನ ಹಿಂದೆ ನಾನೂ ಸುತ್ತುತ್ತಿದ್ದೆ. ಗಾರೆಗೆ ಬೆಲ್ಲದ ನೀರು ಹಾಕುತ್ತಾರೆಂದು ಆಸೆ. ಕರಿಕಲ್ಲಿನ ಐದು ಕಮಾನು, ಅದರ ಮೇಲೆ ಸಾಗವಾನಿ ತೊಲೆಯ ಮಹಡಿ. ಮಶಾಕಸಾಬ ಮೇಸ್ತ್ರಿ ಒಂದು ತೊಲೆಯ ತುದಿಯನ್ನೂ ಗೋಡೆಯ ಮಣ್ಣಿಗೆ ತಾಗಗೊಡಲಿಲ್ಲ. ಕೆಳಗೆ ಕಲ್ಲು ಕೊಟ್ಟು, ಸುತ್ತ ಗಾಳಿಯಾಡಲು ಬೆರಳಷ್ಟು ಸಂದಿ ಬಿಟ್ಟ. "ಮ್ಯಾಲೆ ಆನಿ ಕಟ್ಟಿದರೂ ಅಳ್ಳಾಡಂಗಿಲ್ರಿ" ಎಂದು ಅಪ್ಪನಿಗೆ ಮಾತು ಕೊಟ್ಟ. ಆ ತೊಲೆಗಳು ಬಂದದ್ದು ಅವ್ವನ ಕೈಯ ಪಾಟಲಿ ಮಾರಿ. ಅದಕ್ಕೇ ಅಪ್ಪ ನಡುವಿನ ಕಮಾನಿನ ಮೇಲೆ ಅವಳ ಹೆಸರನ್ನೇ ಕೆತ್ತಿಸಿದ: ಸಿದ್ದಲಿಂಗವ್ವನ ಮಳಿಗೆ, 1951.

ಅವ್ವ ತೀರಿಕೊಂಡ ವರ್ಷ ನೀನು ನನ್ನನ್ನು ಕರೆಸಿ, ಇಳಕಲ್ ಸೀರೆ ಉಡಿಸಿ, ಉಡಿ ತುಂಬಿಸಿ, ಹಕ್ಕು ಬಿಟ್ಟ ಕಾಗದಕ್ಕೆ ಸಹಿ ಮಾಡಿಸಿಕೊಂಡೆ. ತವರಿನ ಬಾಗಿಲು ತೆರೆದಿರಲಿ ಎಂದು ಎಲ್ಲ ಹೆಣ್ಣುಮಕ್ಕಳೂ ಮಾಡುತ್ತಾರೆ, ನಾನೂ ಮಾಡಿದೆ. 1994ರಲ್ಲಿ ನನ್ನ ಯಜಮಾನರು ಹೋದರು. ಮಹಡಿಯ ಒಂದು ಕೋಣೆ ಕೊಡು, ಹೊಲಿಗೆ ಮಿಷನ್ ಇಟ್ಟುಕೊಂಡು ಬದುಕುತ್ತೇನೆ ಎಂದು ನಿನ್ನ ಬಾಗಿಲಿಗೆ ಬಂದೆ. "ತೊಲಿ ಹಳೇವು ಅದಾವಕ್ಕಾ, ಮಿಷನ್ನಿನ ಭಾರ ತಾಳಂಗಿಲ್ಲ" ಅಂದೆ. ತಿಂಗಳೊಳಗೆ ಅದೇ ಕೋಣೆಯಲ್ಲಿ ಸೂರಿನವರೆಗೆ ಸಿಮೆಂಟಿನ ಚೀಲ ಒಟ್ಟಿಸಿದೆಯಂತೆ. ತೊಲೆ ಅಳ್ಳಾಡಲಿಲ್ಲ, ಅಲ್ಲವೇ?

ನಾನು ಬಂದ ದಿನವೇ ನಿನ್ನ ಆಳುಗಳು ಅವ್ವನ ಹೆಸರಿನ ಕಲ್ಲು ಕಿತ್ತು, ಅಲ್ಲಿ 'ಶ್ರೀಶೈಲ ಕಾಂಪ್ಲೆಕ್ಸ್' ಎಂಬ ಬಂಗಾರದ ಅಕ್ಷರದ ಗ್ರಾನೈಟ್ ಕೂಡಿಸುತ್ತಿದ್ದರು. ನಾನು ಆ ಕಲ್ಲಿನ ಮುಂದೆ ಕುಳಿತು ಅತ್ತೆ. ನೀನು ಬಜಾರದ ಮಂದಿಗೆಲ್ಲ ಕೇಳುವಂತೆ, "ಅಕ್ಕಗ ಪಾಲು ಬೇಕಂತ. ಆ ಕಲ್ಲು ಟೆಂಪೋದಾಗ ಹೇರ್ರಿ, ಅದ ಆಕಿ ಪಾಲು" ಅಂದೆ. ಆಳುಗಳೂ ನಕ್ಕರು. ಬಾಗೇವಾಡಿಯ ತನಕ ನನ್ನ ಪಾಲಿನ ಪಕ್ಕ ಕುಳಿತು ಬಂದೆ.

ಕಲ್ಲು ನನ್ನ ಹಿತ್ತಲಲ್ಲಿದೆ, ಅರಿವೆ ಒಗೆಯಲು ಹಾಕಿಸಿದ್ದೇನೆ. ಹತ್ತು ವರ್ಷ ಬಡಿದು ತಿಕ್ಕಿ ಇಸವಿ ಸವೆದುಹೋಗಿದೆ, ಕಣ್ಣಿಗೂ ಕಾಣದು, ಬೆರಳಿಗೂ ಸಿಗದು. ಏನು ಮಾಡಲಿ, ಹೇಳು? ಟೆಂಪೋ ಕಳಿಸಬೇಡ, ದಂಡ.

ಒಡೆಯುವ ದಿನ ಮಾತ್ರ ತಪ್ಪದೆ ತಿಳಿಸು. ಮೊದಲ ಬಸ್ಸಿಗೇ ಬರುತ್ತೇನೆ. ಎದುರಿನ ಕಟ್ಟೆಯ ಮೇಲೆ ಕುಳಿತು ನಿನ್ನ ಮುಖ ನೋಡಬೇಕು.

ನಿನ್ನ ಒಡಹುಟ್ಟಿದ
ಶೇವಂತೆವ್ವ

ತಾ.ಕ.: ಈ ವಯಸ್ಸಿಗೆ ಸುಳ್ಳು ಬೇಡ. ಅವ್ವನ ಹೆಸರಿನ ಮೇಲೆ ಅರಿವೆ ಬಡಿಯುವವಳಲ್ಲ ನಾನು. ಕಲ್ಲನ್ನು ಬೋರಲು ಹಾಕಿಸಿದ್ದೆ. ನಿನ್ನ ಪತ್ರ ಬಂದ ಗುರುವಾರ ಎತ್ತಿ ತಿರುವಿಸಿದೆ. ಅಕ್ಷರ, ಅಂಕಿ ಎಲ್ಲ ನಿನ್ನೆ ಕೆತ್ತಿದಂತೆ ಇದ್ದವು. ಬೀಸುವ ಕಲ್ಲಿಗೆ ಉಳಿ ಹೊಡೆಯುವ ಗುಂಡವ್ವ ಓಣಿಯಲ್ಲಿ ಕೂಗುತ್ತ ಹೊರಟಿದ್ದಳು, ಒಳಗೆ ಕರೆದೆ. ಇಸವಿಯ ನಾಲ್ಕು ಅಂಕಿ ತೆಗೆದಳು. ಹೆಸರನ್ನೂ ತೆಗೆಯಲೇನು ಎಂದು ಕೇಳಿದಳು. "ಬ್ಯಾಡವಾ, ಅದು ನನ್ನ ಪಾಲು" ಅಂದೆ.