ತೊಳೆಸಿದ ಬೇವಿನ ಮರ

ಬಿಜ್ಜರಗಿ, ೧೪-೨-೧೯೬೪

ಜೋರಾಪುರ ಪೇಟೆಯ ಎಣ್ಣೆ ಗಿರಣಿಯ ಮಾಲೀಕರಾದ ಸಂಗಣ್ಣ ಸಾವಕಾರರಿಗೆ ನಮಸ್ಕಾರ.

ಇಲ್ಲಿ ನಾವೆಲ್ಲ ಚೆನ್ನಾಗಿ ಉಸಿರಾಡಿಕೊಂಡಿದ್ದೇವೆ.

ಮಗಳನ್ನು ಕೊಡುವ ಮೊದಲು ಮನೆ ನೋಡುವುದು ಪದ್ಧತಿ, ಅದಕ್ಕೇ ಮೊನ್ನೆ ಬಂದಿದ್ದೆವು. ಹೋಳಿಗೆ ರುಚಿಯಾಗಿತ್ತು. ಊರಲ್ಲೆಲ್ಲೂ ಮಳೆಯಿಲ್ಲದಿದ್ದರೂ ನಿಮ್ಮ ಅಂಗಳದ ಬೇವಿನ ಮರ ಮಾತ್ರ ತೊಟ್ಟಿಕ್ಕುತ್ತಿತ್ತು. "ಬೀಗರಿಗೆ ತಂಪಾಗಲಿ ಅಂತ ನೀರ ಹೊಡಿಸೇನ್ರಿ" ಎಂದಿರಿ. ನಂಬಿದೆ.

ಊಟವಾದ ಮೇಲೆ ನನ್ನ ತಮ್ಮ ಬೀರಣ್ಣ ಮರದ ಆಚೆ ಬದಿಗೆ ಹೋಗಿ ಒಂದು ಟೊಂಗೆ ಮುರಿದು ತಂದ.

"ಅಕ್ಕಾ, ನಮಗ ಕಾಣೂ ಎಲಿಗಷ್ಟ ಜಳಕಾ ಮಾಡಿಸ್ಯಾರ. ಗಿರಣಿ ಕಡೀ ಎಲಿ ನೋಡಿಲ್ಲಿ, ಕಾಡಿಗಿ ಆಗ್ಯಾವ!"

ಗಿರಣಿಯ ಹೊಗೆಯನ್ನು ನಾಲ್ಕು ಕೊಡ ನೀರಿನಲ್ಲಿ ಮುಚ್ಚಿಡಲು ಹೊರಟ ಜಾಣರು ನೀವು.

ನೀವು ಕೊಟ್ಟ ಕುಪ್ಪಸದ ಖಣವನ್ನು ಬೀರಣ್ಣನ ಕೈಯಲ್ಲೇ ವಾಪಸು ಕಳಿಸಿದ್ದೇನೆ. ಮುಂದೆ ಯಾರಾದರೂ ಮನೆ ನೋಡಲು ಬಂದರೆ ಮರದ ಎರಡೂ ಬದಿ ತೊಳೆಸಿರಿ. ನಿಮ್ಮ ಹಿರಿಸೊಸೆಯನ್ನು ಅಂದು ತವರಿಗೆ ಕಳಿಸಿಬಿಡಿ. ಹೋಳಿಗೆ ಬಡಿಸುತ್ತ ಆ ಹುಡುಗಿ ಬಾಯಿಗೆ ಸೆರಗು ಒತ್ತಿಕೊಂಡು ಕೆಮ್ಮಿದಳು. ಸೆರಗು ತೆಗೆದಾಗ ಅದರ ಮೇಲೂ ಅದೇ ಕಪ್ಪಿತ್ತು.

ಅದನ್ನು ತೊಳೆಸಲು ನಿಮಗೆ ನೆನಪಾಗಿರಲಿಲ್ಲ.

ನಿಮ್ಮ ಬೀಗಿತ್ತಿಯಾಗದೆ ಉಳಿದ,
ದುಂಡವ್ವ