ಕಾಲಿಗೆ ಸಿಗುವ ಗೆರೆಗಳು

ಮಾರ್ಚ್ 2, ಭಾನುವಾರ

ಮತ್ತೆ ಟೈಲ್ಸ್ ಅಂಗಡಿ. ಮೂರನೇ ಭಾನುವಾರ ಇದು. ಹಾಲಿನ ಬಣ್ಣ, ಕೆನೆ ಬಣ್ಣ, ಕೆನೆಯಲ್ಲೇ ಇನ್ನೊಂದು ಕೆನೆ... ಇವರಿಗೆ ಎಲ್ಲವೂ ಇಷ್ಟ, ನನಗೆ ಯಾವುದೂ ಅಲ್ಲ. ಕೊನೆಗೆ ತಲೆ ಕೆಟ್ಟು ಒಂದನ್ನು ತೋರಿಸಿದೆ. ಬಜೆಟ್ಟಿನೊಳಗೇ ಇದೆ. ಕಂಟ್ರಾಕ್ಟರ್ ಚಿದಂಬರ ಹಳೆ ನೆಲದ ಮೇಲೆಯೇ ಅಂಟು ಹಾಕಿ ಕೂರಿಸುತ್ತಾನಂತೆ. ಇಡೀ ಮನೆಗೆ ಆರು ದಿನ. ಏಪ್ರಿಲ್ ಹದಿನಾಲ್ಕರ ಬಾಬಾಸಾಹೇಬರ ಜಯಂತಿಗೆ ನೆಂಟರು ಬರುವ ಹೊತ್ತಿಗೆ ಮನೆ ಫಳಫಳ.

ನಮ್ಮದು ಕೆಂಪು ನೆಲ. ಮಾವ ಬಿನ್ನಿ ಮಿಲ್ಲಿನ ಸಂಬಳದಲ್ಲಿ ಹಾಕಿಸಿದ್ದು. ಐವತ್ತು ವರ್ಷದ ಮೇಲಾಯಿತು. ಹೋದ ವರ್ಷ ಪೈಪಿಗೆ ಅಗೆದ ಮೇಲೆ ನಡುಮನೆಯಿಂದ ಅಡುಗೆಮನೆವರೆಗೆ ಬಿರುಕು. ಇನ್ನು ತೇಪೆ ಹಾಕಿ ಪ್ರಯೋಜನವಿಲ್ಲ.

ಅತ್ತೆಯನ್ನು ಕೇಳಲಿಲ್ಲ. ಗ್ಲಕೋಮಾದಿಂದ ಎರಡೂ ಕಣ್ಣು ಹೋಗಿ ಆರು ವರ್ಷ. ಬಣ್ಣ ಯಾವುದಾದರೇನು ಅವರಿಗೆ, ಅಂದುಕೊಂಡೆ.

ಮಾರ್ಚ್ 9

ಹಾಲ್ ಮುಗಿಯಿತು. ಚೆನ್ನಾಗಿದೆ, ಸುಳ್ಳು ಹೇಳಬಾರದು. ಟ್ಯೂಬ್‌ಲೈಟ್ ನೆಲದಲ್ಲೂ ಕಾಣುತ್ತದೆ. ಧೂಳು ಬೇಡವೆಂದು ಅತ್ತೆಯನ್ನು ಮಲ್ಲೇಶ್ವರದ ನಾದಿನಿ ಮನೆಗೆ ಕಳಿಸಿದ್ದೆವು. ನಾಳಿದ್ದು ಬರುತ್ತಾರೆ. ಉಳಿದ ರೂಮುಗಳು ಆಮೇಲೆ.

ಮಾರ್ಚ್ 11, ಸಂಜೆ

ಅತ್ತೆ ಬಂದರು. ಆಟೋ ಇಳಿದು, ಚಪ್ಪಲಿ ಬಿಟ್ಟು, ಎಂದಿನ ಹಾಗೆ ತಾವೇ ಹೊಸ್ತಿಲು ದಾಟಿದರು. ನಿಂತರು. ಒಂದು ಕಾಲು ಮುಂದಿಟ್ಟು ಹಿಂದಕ್ಕೆ ತೆಗೆದುಕೊಂಡರು.

"ಜ್ಯೋತಿ, ಇದ್ಯಾರ ಮನೆ?"

ತಮಾಷೆ ಅಂದುಕೊಂಡು ನಕ್ಕೆ. ಅವರು ನಗಲಿಲ್ಲ. ಗೋಡೆ ಹುಡುಕುತ್ತಿದ್ದರು... ತಮ್ಮ ಮನೆಯಲ್ಲಿ. ಆಮೇಲೆ ಬಚ್ಚಲಿಗೆ ಹೋಗಲು ನನ್ನ ಕೈ ಕೇಳಿದರು. ಕಣ್ಣು ಹೋದ ಮೇಲೂ ಈ ಮನೆಯೊಳಗೆ ಒಂದು ದಿನ ಯಾರ ಕೈಯನ್ನೂ ಹಿಡಿದವರಲ್ಲ. ಬೆಳಗಿನ ಕಾಫಿ ಈಗಲೂ ಅವರೇ ಕಾಯಿಸುವುದು.

ಮಾರ್ಚ್ 12

ಇಷ್ಟು ದಿನ ಹೇಗೆ ಓಡಾಡುತ್ತಿದ್ದಿರಿ ಅಂತ ಕೇಳಿದೆ. ಇಷ್ಟು ವರ್ಷ ಕೇಳಬೇಕು ಅನ್ನಿಸಿರಲೇ ಇಲ್ಲ.

ಮಂಚದಿಂದ ಎಂಟನೇ ಹೆಜ್ಜೆಗೆ ನೆಲ ಒಂದು ಕೂದಲಿನಷ್ಟು ತಗ್ಗಂತೆ. ಅಲ್ಲಿ ಎಡಕ್ಕೆ ತಿರುಗಿದರೆ ಬಚ್ಚಲು. ಬಾಬಾಸಾಹೇಬರ ಫೋಟೋ ಕೆಳಗೆ ಬೆಣ್ಣೆಯ ಹಾಗೆ ನುಣುಪು, ದಿನಾ ಬೆಳಿಗ್ಗೆ ನಿಂತು ನಿಂತು. ಅಡುಗೆಮನೆ ಬಾಗಿಲಲ್ಲಿ ತರಿತರಿ, ಯಾವ ಕಾಲದಲ್ಲೋ ಮಾವ ಒರಳುಕಲ್ಲು ಕೆಡವಿದ ಜಾಗ. ಹಿಮ್ಮಡಿಗೆ ಒಂದು, ಹೆಬ್ಬೆರಳಿಗೆ ಒಂದು ಗುರುತು. ಪಾಠ ಒಪ್ಪಿಸುವ ಹಾಗೆ ಹೇಳುತ್ತಾ ಹೋದರು. ನಾನು ಬಾಯಿ ಬಿಟ್ಟುಕೊಂಡು ಕೇಳಿದೆ.

ಅವರು ಮಲಗಿದ ಮೇಲೆ ಕಣ್ಣು ಮುಚ್ಚಿಕೊಂಡು ನಡುಮನೆಯಲ್ಲಿ ನಡೆದು ನೋಡಿದೆ. ಮೂರನೇ ಹೆಜ್ಜೆಗೆ ಬೀರುವಿಗೆ ಹಣೆ. ಇಪ್ಪತ್ತಮೂರು ವರ್ಷ ಈ ನೆಲ ಒರೆಸಿದ್ದೇನೆ. ಕಲಿತದ್ದು ಅದರ ಬಣ್ಣ ಒಂದೇ.

ಮಾರ್ಚ್ 15

ಚಿದಂಬರನಿಗೆ ಸದ್ಯ ಬರಬೇಡ ಎಂದು ನಾನೇ ಫೋನ್ ಮಾಡಿದ್ದಕ್ಕೆ ಇವರು ಎರಡು ದಿನದಿಂದ ಮುಖ ಊದಿಸಿಕೊಂಡಿದ್ದರು. ಅಮ್ಮನಿಗೆ ಅಭ್ಯಾಸವಾಗುತ್ತದೆ, ಮ್ಯಾಟ್ ಹಾಕಿದರಾಯಿತು, ಎಂಬ ವಾದ. ತಾವೇ ಹೋಗಿ ಮ್ಯಾಟ್ ತಂದು ಸಾಲಾಗಿ ಹಾಸಿದರು. ಇವತ್ತು ಮಧ್ಯಾಹ್ನ ಮ್ಯಾಟ್ ಜಾರಿತು. ಅತ್ತೆ ಕಿಟಕಿ ಸರಳು ಹಿಡಿದುಕೊಂಡರು, ಬೀಳಲಿಲ್ಲ. ಇವರು ಮ್ಯಾಟುಗಳನ್ನು ಸುತ್ತಿ ಅಟ್ಟಕ್ಕೆ ಎಸೆದು, ಕೆಂಪು ನೆಲ ಹಾಕುವ ಮೇಸ್ತ್ರಿಯನ್ನು ಹುಡುಕುತ್ತೇನೆಂದು ಹೊರಟರು.

ಮಾರ್ಚ್ 22

ಮರಿಯಣ್ಣ ಮೇಸ್ತ್ರಿ ಸಿಕ್ಕರು. ಬಿನ್ನಿಪೇಟೆಯವರು. ಅರವತ್ತೈದರ ಮೇಲಿರಬೇಕು. ಬರಿಗಾಲಲ್ಲಿ ನಡುಮನೆಯನ್ನೆಲ್ಲ ಒಮ್ಮೆ ಸುತ್ತಿ ಬಂದು, ಬಿರುಕು ತಳದ್ದು, ಪೂರ್ತಿ ತೆಗೆದೇ ಹಾಕಬೇಕು ಅಂದರು. ಟೈಲ್ಸಿನ ಎರಡರಷ್ಟು ಖರ್ಚು. ನಾಲ್ಕು ವಾರ ಮನೆ ಬಿಡಬೇಕು. ಆದರೆ ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತದೆ. ನನಗೋ ಖುಷಿ. ಅತ್ತೆಗೆ ಅವರ ನೆಲ ವಾಪಸ್ಸು ಕೊಡಿಸುತ್ತಿದ್ದೇನೆ ಎಂಬ ಜಂಬ.

ಅತ್ತೆ ಬೇಡ ಅಂದುಬಿಟ್ಟರು.

"ಕೆಂಪಾದ್ರೇನು, ಬಿಳಿ ಆದ್ರೇನು. ಹೊಸದು ಹೊಸದೇ. ಅದು ನನ್ನ ಕಾಲಿಗೆ ಏನೂ ಹೇಳಲ್ಲ."

ನನ್ನ ಮುಖ ಸಪ್ಪಗಾಯಿತು. ಕೆಂಪು ನೆಲ ಅಂದರೆ ಅವರ ಹಳೆ ನೆಲವೇ ಎಂದು ನಾನು ತಿಳಿದದ್ದು. ಎಂಥ ದಡ್ಡಿ. ಮರಿಯಣ್ಣ ಮಾತ್ರ ಹೋಗಲಿಲ್ಲ. ಅತ್ತೆಯ ಎದುರು ಕುಕ್ಕರಗಾಲಲ್ಲಿ ಕೂತರು.

"ಅಮ್ಮ, ಹಸಿ ಇರುವಾಗ ನಾವು ದಾರ ಒತ್ತಿ ಗೆರೆ ಎಳೀತೀವಿ. ಮೊದಲೆಲ್ಲ ಅಂದಕ್ಕೆ ಅಂತ ಚೌಕ ಚೌಕ ಮಾಡ್ತಿದ್ವಿ. ನಿಮಗೆ ಎಲ್ಲೆಲ್ಲಿ ಬೇಕು ಹೇಳಿ. ಕಾಲಿಗೆ ಸಿಗೋ ಹಂಗೆ ಎಳೆದುಕೊಡ್ತೀನಿ."

ಅತ್ತೆ ಅವರ ಕಡೆ ತಿರುಗಿ ಕೂತರು. ಹಾಲ್‌ನಲ್ಲಿ ಹಾಕಿರೋ ಟೈಲ್ಸನ್ನೂ ಕೀಳ್ತೀಯಾ ಅಂತ ಕೇಳಿದರು.

ಮಾರ್ಚ್ 30, ಭಾನುವಾರ

ಮನೆ ಖಾಲಿ. ಸಾಮಾನೆಲ್ಲ ಎದುರುಮನೆ ಶೈಲಜಮ್ಮನವರ ಮೇಲಿನ ರೂಮಿನಲ್ಲಿ, ನಾವೂ ಅಲ್ಲೇ. ಹಳೆ ನೆಲ ಅಗೆದಾಯಿತು. ಬರೀ ಮಣ್ಣು.

ಅಂಥ ಕಡೆ ಕುರ್ಚಿ ಹಾಕಿಸಿಕೊಂಡು ಕೂತು ಅತ್ತೆ ನೆಲ ಬರೆಸಿದರು. ಮಂಚದ ಹತ್ತಿರ ಒಂದು ಗೆರೆ. ಬಚ್ಚಲ ತಿರುವಿಗೆ ಎರಡು. ಫೋಟೋ ಕೆಳಗೆ ಮೂರು. ಅಡಿ ಲೆಕ್ಕ, ಗೇಣು ಲೆಕ್ಕ. ಇವರು ಟೇಪ್ ಹಿಡಿದು ಸೀಮೆಸುಣ್ಣದಲ್ಲಿ ಗೋಡೆಗೆ ಗುರುತು ಹಾಕುತ್ತಾ ಹೋದರು. ಒಂದು ಕಡೆ ಹೊಂದಲಿಲ್ಲ. ಅಮ್ಮಾ, ನಿಂದು ನಾಲ್ಕಿಂಚು ತಪ್ಪು, ಅಂದರು. ಇನ್ನೊಂದು ಸಲ ಅಳೆ, ಅಂದರು ಅತ್ತೆ. ಅಳೆದರು. ಟೇಪ್ ಸೊಟ್ಟಗೆ ಹಿಡಿದಿದ್ದರು.

ಮೈ ಜುಂ ಅಂದಿತು. ಇವರ ಮುಖ ನೋಡಿದೆ, ಅವರ ಗತಿಯೂ ಅದೇ.

ಏಪ್ರಿಲ್ 6

ಇವತ್ತು ಹಾಲ್, ನಡುಮನೆಗೆ ಮೇಲ್ಪದರ. ಇಂಥದ್ದನ್ನು ನೋಡಿರಲಿಲ್ಲ. ಬೆಳಿಗ್ಗೆ ಎಂಟರಿಂದ ಮರಿಯಣ್ಣ ಹಲಗೆ ಮೇಲೆ ಕೂತು ಕರಣೆಯಲ್ಲಿ ತಿಕ್ಕುತ್ತಾ ಹಿಂದೆ ಹಿಂದೆ ಸರಿಯುತ್ತಾರೆ. ಮುಂದೆ ನೆಲ ಹೊಳೆಯುತ್ತಾ ಬರುತ್ತದೆ. ದಾರದ ಆ ತುದಿ ಅವರು, ಈ ತುದಿ ಅವರ ಕೈಯಾಳು. ಒತ್ತಿ, ಎತ್ತಿದರು. ಅಕ್ಕಿಕಾಳಿನಷ್ಟು ಆಳ, ಗೆರೆ ಎಲ್ಲೂ ಕದಲಿಲ್ಲ. ಉಸಿರು ಬಿಡಲೂ ಹೆದರಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಕೈಯಲ್ಲಿ ಇಂಥ ಕೆಲಸವಿರುವವರು ಎರಡು ಮೈಲಿ ದೂರದಲ್ಲಿದ್ದರು, ನಾವು ಮೂರು ಭಾನುವಾರ ಕೆನೆ ಬಣ್ಣ ಹುಡುಕುತ್ತಿದ್ದೆವು.

ಅತ್ತೆ ಜಗಲಿಯಲ್ಲಿ ಕೂತು ಕರಣೆಯ ಸದ್ದು ಕೇಳುತ್ತಿದ್ದರು. ಮೂಲೆಯಲ್ಲಿ ಬೇಗ ಒಣಗ್ತಿದೆ ಅಂದರು. ಮರಿಯಣ್ಣ ಮೂಲೆ ಮುಟ್ಟಿ ನೋಡಿ, ಹೌದು ಅಂತ ತಲೆಯಾಡಿಸಿ ನೀರು ಚಿಮುಕಿಸಿದರು.

ಅಡುಗೆಮನೆ, ಹಿತ್ತಿಲ ಕಡೆಯದು ನಾಳೆ. ನನಗೆ ಆಫೀಸ್. ರಜ ಕೇಳಿದರೆ ಸೂಪರಿಂಟೆಂಡೆಂಟ್ ನಗುತ್ತಾರೆ, ನೆಲ ನೋಡಲು ರಜವಾ ಅಂತ.

ಏಪ್ರಿಲ್ 14

ಜಯಂತಿ. ಮನೆ ತುಂಬ ನೀರು, ಗಟ್ಟಿಯಾಗಲು ಹತ್ತು ದಿನ ನಿಲ್ಲಿಸಬೇಕಂತೆ. ಬಾಬಾಸಾಹೇಬರ ಫೋಟೋ ಜಗಲಿಗೆ ತಂದು ಹಾರ ಹಾಕಿದೆವು. ನೆಂಟರು ಗಲ್ಲಿಯಲ್ಲಿ ನಿಂತು ಊಟ ಮಾಡಿದರು. ಟೈಲ್ಸ್ ಆಗಿದ್ದರೆ ಎಂದೋ ಮುಗಿಯುತ್ತಿತ್ತು ಅಂತ ನಾದಿನಿ. ಅತ್ತೆ ಕೇಳಿಸದವರ ಹಾಗೆ ಹೋಳಿಗೆ ತಿಂದರು.

ಏಪ್ರಿಲ್ 27, ಬೆಳಿಗ್ಗೆ 6.40

ಈಗ ತಾನೇ ಒಳಗೆ ಬಂದೆವು. ಎಣ್ಣೆ ತಿಕ್ಕಿ, ಒರೆಸಿ, ಮರಿಯಣ್ಣ ನಿನ್ನೆ ಬೀಗದ ಕೈ ಕೊಟ್ಟರು. ಮಂಚ, ಫೋಟೋ ಆಗಲೇ ಜಾಗಕ್ಕೆ ಬಂದಿವೆ. ಹಿತ್ತಿಲ ಬಾಗಿಲ ಪಕ್ಕ ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ. ನೆಲ ತಂಪು. ಇವರು ಹಾಲು ತರಲು ಹೋಗಿದ್ದಾರೆ.

ಅತ್ತೆ ಒಬ್ಬರೇ ನಡೆಯುತ್ತಾರಂತೆ. ಹಿಂದೆ ಬರಬೇಡ ಅಂದಿದ್ದಾರೆ.

ಮಂಚದಿಂದ ಎದ್ದರು. ಒಂದು ಗೆರೆ. ಬೆರಳು ಆಡಿಸಿ ನೋಡಿದರು. ಎರಡು ಗೆರೆ, ಎಡಕ್ಕೆ ತಿರುಗಲಿಲ್ಲ, ನೇರ ಬಂದರು. ಫೋಟೋ ಕೆಳಗೆ ನಿಂತು ಕೈ ಮುಗಿದರು. ಗೋಡೆ ಮುಟ್ಟಲಿಲ್ಲ. ಅಡುಗೆಮನೆ. ಒಲೆ ಕಡೆ ಹೋಗುತ್ತಾರೆ ಅಂದುಕೊಂಡೆ — ಇಲ್ಲ, ಈ ಕಡೆಗೇ — ನನ್ನ ಮಂಡಿಗೆ ಒಂದು ಗೇಣು ಇರುವಾಗ ಗಕ್ಕನೆ ನಿಂತರು.

ಅವರ ಹೆಬ್ಬೆರಳ ಕೆಳಗೆ ಒಂದು ಪುಟ್ಟ ಗೆರೆ. ನಾವು ಬರೆದುಕೊಂಡ ಲೆಕ್ಕದಲ್ಲಿ ಇಲ್ಲದ್ದು.

"ನೀನು ದಿನಾ ಇಲ್ಲಿ ಕೂತು ಬರೀತೀಯಲ್ಲ, ಪೆನ್ನಿನ ಸದ್ದು ಕೇಳತ್ತೆ. ತುಳಿದುಬಿಟ್ಟೇನು ಅಂತ ಸುತ್ತಿ ಹೋಗ್ತಿದ್ದೆ. ಅದಕ್ಕೆ ಮರಿಯಣ್ಣಂಗೆ ಹೇಳಿ ಇದೊಂದು ಎಳೆಸಿದೆ."

ಈ ಪುಸ್ತಕದ ವಿಷಯ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ. ಇಷ್ಟು ವರ್ಷ. ಅಳು ಬರುತ್ತಿದೆ, ಅಕ್ಷರ ಕಾಣುತ್ತಿಲ್ಲ.

ಪಕ್ಕದಲ್ಲೇ ಕೂತರು. ಏನು ಬರೆದಿದೀಯ, ಓದು ಅಂತಿದ್ದಾರೆ. ಎಲ್ಲಿಂದ ಓದಲಿ... ನೆಲದ ಮಾತು ಶುರುವಾದ ಪುಟದಲ್ಲೇ ಅವರನ್ನು ಕೇಳಲಿಲ್ಲ ಅಂತ ಬರೆದಿದ್ದೇನಲ್ಲ.