ನಾಯಿಗೆ ಮೂರು ವರ್ಷ, ಅತ್ತೆಗೆ ಮೂರು ವಾರ

ಗಡಿ ದಾಟಿ ಬಂದವರ ಭಾಗ್ಯವಿಧಾತರೂ, ನೀಲಿ ಮತ್ತು ಕೆಂಪು ಮೊಹರುಗಳ ಏಕೈಕ ಒಡೆಯರೂ, ಊಟದ ವಿರಾಮದಲ್ಲಿ ನರಮನುಷ್ಯರ ಮುಖ ನೋಡಬಾರದೆಂಬ ಘನವ್ರತವನ್ನು ತಪ್ಪದೆ ಪಾಲಿಸುವವರೂ ಆದ, ವಿದೇಶಿಯರ ವಾಸ ಪರವಾನಗಿ ಕಚೇರಿಯ ಮುಖ್ಯಾಧಿಕಾರಿಗಳ ಗಾಜಿನ ಕಿಟಕಿಯ ಸನ್ನಿಧಾನಕ್ಕೆ,

ಮಾನ್ಯರೇ,

ನಮ್ಮ ನಾಯಿ ನಿಮ್ಮ ನಗರದಲ್ಲಿ ಮೂರು ವರ್ಷ ಇರಬಹುದೆಂದು ಅಪ್ಪಣೆ ಕೊಟ್ಟಿದ್ದೀರಿ. ಸಂತೋಷ. ಅದೇ ದಿನ, ಅದೇ ಅಂಚೆಯಲ್ಲಿ, ನಮ್ಮ ಅತ್ತೆ ಮೂರು ವಾರದೊಳಗೆ ಜಾಗ ಖಾಲಿ ಮಾಡಬೇಕೆಂದೂ ತಿಳಿಸಿದ್ದೀರಿ. ಇಬ್ಬರೂ ಒಂದೇ ವಿಮಾನದಲ್ಲಿ ಬಂದವರು, ಒಂದೇ ಸೋಫಾದ ಮೇಲೆ ಮಧ್ಯಾಹ್ನದ ನಿದ್ದೆ ಮಾಡುವವರು, ಇಬ್ಬರದೂ ಒಂದೇ ಬಗೆಯ ಗೊರಕೆ. ಒಬ್ಬರಿಗೆ ರತ್ನಗಂಬಳಿ, ಇನ್ನೊಬ್ಬರಿಗೆ ಹೊರಬಾಗಿಲು! ಇದರ ಹಿಂದೆ ಏನೋ ಮಸಲತ್ತಿದೆ ಎಂಬ ನನ್ನ ಗುಮಾನಿಯನ್ನು ಲೋಕದ ಮುಂದಿಡಲು ಈ ಪತ್ರ. ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿಮ್ಮ ಭಾಷೆಯಲ್ಲಿ ಕೊಟ್ಟ ಅರ್ಜಿಗಳನ್ನು ನೀವು ಓದಲಿಲ್ಲ. ಓದದೇ ಇರುವುದೇ ನಿಶ್ಚಯವಾದರೆ ನನ್ನ ಭಾಷೆಯದ್ದನ್ನೇ ಓದದಿರಿ, ನನಗೂ ಶ್ರಮ ಕಡಿಮೆ.

ನಾವು ಕದ್ದುಮುಚ್ಚಿ ನುಸುಳಿದವರಲ್ಲ. ನಮ್ಮಪ್ಪ ನಿಮ್ಮ ಬಂದರಿನಲ್ಲಿ ಕ್ರೇನು ರಿಪೇರಿ ಮಾಡುತ್ತಾರೆ. ನೀವೇ ಕರೆಸಿಕೊಂಡಿದ್ದು, ಮೂರು ವರ್ಷದ ಗುತ್ತಿಗೆ. ನಾನು ಇಲ್ಲಿನ ಕಾಲೇಜಿನಲ್ಲಿ ಓದುತ್ತಿದ್ದೇನೆ, ಹಾಗಂತ ಅಪ್ಪ ನಂಬಿದ್ದಾರೆ. ಅತ್ತೆ ಎಂದರೆ ಅಪ್ಪನ ಅಕ್ಕ. ನಾನು ಅಂಬೆಗಾಲಿಡುವ ಮೊದಲೇ ಅಮ್ಮ ತೀರಿಕೊಂಡಿದ್ದರಿಂದ ನನ್ನನ್ನು ಎತ್ತಿ ಆಡಿಸಿದ್ದು, ಗದರಿದ್ದು, ಪರೀಕ್ಷೆಯ ಹೊತ್ತಿಗೆ ನನ್ನ ಮೊಬೈಲನ್ನು ಅಕ್ಕಿ ಡಬ್ಬದೊಳಗೆ ಹೂತಿಟ್ಟಿದ್ದು ಎಲ್ಲ ಇವರೇ. ಇನ್ನು ನಾಯಿ. ಅಪ್ಪನ ಹಳೇ ವರ್ಕ್‌ಶಾಪಿನ ಗೇಟಿನಲ್ಲಿ ಸಿಕ್ಕ ಬೀದಿನಾಯಿ, ಒಂದು ಕಿವಿ ನೆಟ್ಟಗೆ, ಒಂದು ಜೋಲು. ಹೆಸರು ದೊರೆ.

ನಿಮ್ಮ ಕೌಂಟರಿನಲ್ಲಿ ಮೊದಲ ದಿನ ನಡೆದದ್ದು ಹೀಗೆ. ಗಾಜಿನಾಚೆಯ ಮೇಡಂ ಅತ್ತೆಯನ್ನು ತೋರಿಸಿ ಅಪ್ಪನನ್ನು ಕೇಳಿದರು: "ಇವರು ನಿಮ್ಮ ಹೆಂಡತಿಯೇ?"

"ಅಯ್ಯೋ, ಅಕ್ಕ ಮೇಡಂ!"

"ತಾಯಿ ಅಲ್ಲ, ಹೆಂಡತಿ ಅಲ್ಲ, ಮಗಳು ಅಲ್ಲ. ಹಾಗಾದರೆ ಕುಟುಂಬ ಅಲ್ಲ."

ಇದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಹೇಳಬಾರದಿತ್ತು. "ಏನಂತೆ? ಕುಟುಂಬ ಅಲ್ವಂತಾ? ಹಾಗಾದ್ರೆ ಇವತ್ತು ಬೆಳಿಗ್ಗೆ ನಿನ್ನ ನಾರೋ ಸಾಕ್ಸ್ ಒಗೆದಿದ್ದು ಯಾರು, ಈ ಯಮ್ಮನಾ? ಕೇಳೋ, ಕೇಳು!" ನಾನು ಕೇಳಲಿಲ್ಲ. ಅಷ್ಟರಲ್ಲಿ ಮೇಡಂ ಕಣ್ಣು ಕೆಳಗೆ ದೊರೆಯ ಮೇಲೆ ಬಿತ್ತು. ಗಾಜಿನ ಹಿಂದಿನ ಆ ಮುಖ ಮೊದಲ ಸಲ ಅರಳಿತು. "ಓ, ನಾಯಿ! ನಾಯಿ ಕುಟುಂಬವೇ. ಅದಕ್ಕೆ ಬೇರೆ ಕಿಟಕಿ ಇದೆ." ಆ ಕಿಟಕಿಯ ಮುಂದೆ ಕುರ್ಚಿಗಳಿದ್ದವು, ಕುಡಿಯಲು ನೀರೂ ಇತ್ತು. ಮನುಷ್ಯರ ಕಿಟಕಿಯ ಮುಂದೆ ಏನಿತ್ತು ಎಂದು ನಿಮಗೆ ಗೊತ್ತು: ಇನ್ನಷ್ಟು ಮನುಷ್ಯರು.

ಆಮೇಲೆ ನಿಮ್ಮ ನಾಯಿ ತಪಾಸಣಾಧಿಕಾರಿಗಳು ಟೇಪು ಹಿಡಿದು ಮನೆಗೆ ಬಂದರು. ದೊರೆ ಮಲಗುವ ಮೂಲೆಯ ಉದ್ದಗಲ ಅಳೆದರು. ಗಾಳಿ ಬೆಳಕು ಪರೀಕ್ಷಿಸಿದರು. "ಇವನು ಖುಷಿಯಾಗಿದ್ದಾನಾ?" ಎಂದು ಗಂಭೀರವಾಗಿ ಕೇಳಿದರು. ಪಕ್ಕದಲ್ಲೇ, ಚಪ್ಪಲಿ ಸ್ಟ್ಯಾಂಡಿಗೆ ಒತ್ತಿಕೊಂಡು, ಅತ್ತೆ ಮಲಗುವ ಮಡಚುವ ಮಂಚವಿತ್ತು. ಅದರ ಮೇಲೆ ಟೇಪು ಹೋಗಲೇ ಇಲ್ಲ.

"ಹಗಲು ಹೊತ್ತು ಇವನ ಜೊತೆ ಯಾರಿರ್ತಾರೆ?"

ಅತ್ತೆಯ ಕಡೆ ಕೈ ತೋರಿಸಿದೆ.

"ಒಳ್ಳೇದಾಯ್ತು. ನಾಯಿನ ದಿನವಿಡೀ ಒಂಟಿಯಾಗಿ ಬಿಟ್ರೆ ನಾವು ಒಪ್ಪಿಗೆ ಕೊಡಲ್ಲ. ಇವರಿದ್ದಾರೆ ಅನ್ನೋ ಕಾರಣಕ್ಕೇ ಕೊಡ್ತಿದ್ದೀನಿ."

ಭಾಷೆ ಬಾರದ ಅತ್ತೆ ಸೆರಗು ಸರಿಮಾಡಿಕೊಂಡು ನನ್ನ ಕಿವಿಯಲ್ಲಿ ಕೇಳಿದರು: "ನನ್ನ ಬಗ್ಗೆ ಏನೋ ಒಳ್ಳೇದು ಹೇಳ್ತಿದ್ದಾರೆ ಅಲ್ವೇನೋ?" ಹೌದೆಂದೆ. ತಪಾಸಣಾಧಿಕಾರಿಗಳಿಗೆ ಎರಡನೇ ಲೋಟ ಚಹಾ ಬಂತು.

ಈಗ ಹೇಳಿ ಸ್ವಾಮಿ. ಅತ್ತೆ ಇದ್ದಾರೆಂದು ನಾಯಿಗೆ ಒಪ್ಪಿಗೆ, ಒಪ್ಪಿಗೆ ಸಿಕ್ಕ ಕೂಡಲೇ ಅತ್ತೆಗೆ ಗೇಟ್‌ಪಾಸು. ಕಂಬ ಕಿತ್ತು ಹಾಕಿ ಚಾವಣಿಗೆ ಪ್ರಶಸ್ತಿಪತ್ರ ಕೊಡುವ ಈ ವಿದ್ಯೆಯನ್ನು ನಿಮಗೆ ಯಾರು ಕಲಿಸಿದರು? ಅಥವಾ ಇದು ಉಪಾಯವೋ? ಮೊದಲು ಅತ್ತೆಯನ್ನು ಕಳಿಸುವುದು, ಆಮೇಲೆ "ನಾಯಿ ಒಂಟಿಯಾಗಿದೆ" ಎಂದು ನಾಯಿಯನ್ನು ಹೊತ್ತೊಯ್ಯುವುದು, ಕೊನೆಗೆ ಕ್ರೇನು ರಿಪೇರಿಗೆ ಅಪ್ಪನೊಬ್ಬರನ್ನೇ ಉಳಿಸಿಕೊಳ್ಳುವುದು?

ದೊರೆಯ ಮೇಲೂ ನನಗೆ ಅನುಮಾನವಿದೆ. ಅಂಚೆಯವನ ಸೈಕಲ್ ಸದ್ದಿಗೇ ಮನೆ ಕಿತ್ತುಹೋಗುವಂತೆ ಬೊಗಳುವವನು, ತಪಾಸಣಾಧಿಕಾರಿಗಳ ಬೂಟಿನ ಮೇಲೆ ಗದ್ದವಿಟ್ಟು ಕಣ್ಣು ಮುಚ್ಚಿದನೇಕೆ? ಹಳೇ ಪರಿಚಯವೇ? ಒಳಒಪ್ಪಂದವೇ? ಲಿಫ್ಟಿನಲ್ಲಿ ಎಲ್ಲರೂ ಅವನಿಗೆ ಶುಭೋದಯ ಹೇಳುತ್ತಾರೆ. ನನ್ನನ್ನು ಹಗ್ಗದ ಇನ್ನೊಂದು ತುದಿ ಎಂಬಂತೆ ನೋಡುತ್ತಾರೆ. ಕೆಳಗಿನ ಗಡಿಯಾರದಂಗಡಿಯವರು ಅಪ್ಪನನ್ನು "ದೊರೆಯ ಅಪ್ಪ" ಎಂದೇ ಕರೆಯುವುದು. ನಾನು ಸಿಡುಕಿದರೆ ಅಪ್ಪ, "ಬಿಡೋ, ಅವನಿಂದಾದ್ರೂ ಅಪ್ಪ ಅನ್ನೋ ಮರ್ಯಾದೆ ಸಿಕ್ತು. ನಿನ್ನಿಂದ ಕಾಲೇಜಿನ ದೂರಿನ ಫೋನು ಬಿಟ್ರೆ ಇನ್ನೇನು ಬಂದಿದೆ?" ಎಂದರು.

ಆದರೆ ಈ ಬೀದಿಗೆ ದೊರೆಯನ್ನು ಪರಿಚಯಿಸಿದ್ದು ಅತ್ತೆ. ಬೆಳಿಗ್ಗೆ ಸಂಜೆ ಅವನ ಜೊತೆ ಹೊರಟು, ಸಿಕ್ಕವರೊಡನೆಲ್ಲ ಕನ್ನಡದಲ್ಲೇ ಮಾತಾಡುತ್ತಾರೆ. ಗಡಿಯಾರದಂಗಡಿಯವರು ತಮ್ಮ ಭಾಷೆಯಲ್ಲಿ ಮಂಡಿನೋವು ತೋಡಿಕೊಳ್ಳುತ್ತಾರೆ, ಅತ್ತೆ ತಮ್ಮ ಭಾಷೆಯಲ್ಲಿ ಎಣ್ಣೆ ತಿಕ್ಕಲು ಹೇಳುತ್ತಾರೆ. ಮರುದಿನ ಆ ಮನುಷ್ಯ ಎಣ್ಣೆ ತಿಕ್ಕಿಕೊಂಡೇ ಬಂದಿರುತ್ತಾರೆ. ಇದು ಹೇಗೆ ಸಾಧ್ಯ ಎಂಬ ಬಗ್ಗೆಯೂ ನನ್ನ ತನಿಖೆ ಮುಂದುವರಿದಿದೆ.

ನಾಯಿಗಳ ಕಿಟಕಿಯ ಘನತೆಯನ್ನು ಕಂಡು ನಾನೊಂದು ಪ್ರಯೋಗ ಮಾಡಿದೆ. ನಾಯಿಗಳ ಅರ್ಜಿಯಲ್ಲಿ ಅತ್ತೆಯ ವಿವರ ತುಂಬಿಸಿದೆ. ತಳಿ: ಅತ್ತೆ. ಸ್ವಭಾವ: ಅಪರಿಚಿತರನ್ನು ಕಂಡರೆ ಗುರ್ರೆನ್ನುತ್ತಾರೆ, ಕಚ್ಚುವುದಿಲ್ಲ. ಆಜ್ಞಾಪಾಲನೆ: ಇಲ್ಲ, ನಾವೇ ಪಾಲಿಸುತ್ತೇವೆ. ವಾರದಲ್ಲಿ ಅರ್ಜಿ ಹಿಂತಿರುಗಿತು. ತಿರಸ್ಕಾರವಲ್ಲ! "ಲಸಿಕೆಯ ದಾಖಲೆ ಲಗತ್ತಿಸಿ ಮತ್ತೆ ಸಲ್ಲಿಸಿ" ಎಂಬ ಷರಾ ಇತ್ತು. ಅತ್ತೆಗೆ ತೋರಿಸಿದೆ.

"ಅಲ್ಲ ಕಣೋ, ನನ್ನನ್ನ ನಾಯಿ ಅಂತ ಬರೆದ್ಯಾ?"

"ಇಲ್ಲ ಅತ್ತೆ, ನಾಯಿಯ ಸ್ಥಾನಕ್ಕೆ ಏರಿಸಿದೆ."

"ವಯಸ್ಸು ಎಷ್ಟು ಬರೆದೆ?"

"ಐವತ್ತೆಂಟು."

"ಐವತ್ತಾರು ಕಣೋ, ಮುಠ್ಠಾಳ!"

ನಗಾಡಿದರು. ಆಮೇಲೆ ಒಗೆದ ಬಟ್ಟೆ ಮಡಚುತ್ತಾ, ನನ್ನ ಕಡೆ ತಿರುಗದೆ, "ಅಲ್ಲಿ ನಮ್ಮ ಬಾಡಿಗೆ ಮನೆ ಬಿಟ್ಟುಕೊಟ್ಟು ಬಂದ್ವಲ್ಲೋ. ನಾನು ಹೋಗಿ ಇಳಿಯೋದಾದ್ರೂ ಎಲ್ಲಿ?" ಎಂದರು. ಮಾನ್ಯರೇ, ನಿಮ್ಮ ಯಾವ ಕಿಟಕಿಯಲ್ಲಿ ಇದಕ್ಕೆ ಉತ್ತರ ಸಿಗುತ್ತದೆ? ಅದರ ಮುಂದೆ ಕುರ್ಚಿ ಇಲ್ಲದಿದ್ದರೂ ನಿಂತು ಕಾಯುತ್ತೇನೆ.

ಆದ್ದರಿಂದ ನನ್ನ ಬೇಡಿಕೆ: ನಮ್ಮತ್ತೆಗೆ ಅಪ್ಪನ ಗುತ್ತಿಗೆ ಮುಗಿಯುವವರೆಗೆ ವಾಸದ ಒಪ್ಪಿಗೆ ಕೊಡಿ. ಅಪ್ಪನ ಅಕ್ಕ ಎಂದು ಕೊಡಲು ನಿಯಮ ಅಡ್ಡ ಬಂದರೆ ದೊರೆಯ ಪೋಷಕಿ ಎಂದು ಕೊಡಿ. ಅದೂ ಆಗದಿದ್ದರೆ ದೊರೆಯ ಅವಲಂಬಿತರು ಎಂದಾದರೂ ಕೊಡಿ. ನಮ್ಮ ಮನೆಯಲ್ಲಿ ಯಾರಿಗೂ ಅಷ್ಟೊಂದು ಜಂಭವಿಲ್ಲ.

ಇಂತಿ,
ನಿಮ್ಮ ನಗರದಲ್ಲಿ ಒಬ್ಬ ಬೀದಿನಾಯಿಯ ವರ್ಚಸ್ಸಿನ ನೆರಳಲ್ಲಿ ಬದುಕಿರುವ
ಸೋದರಳಿಯ

ಇನ್ನೊಂದು ವಿಷಯ. ಮೊನ್ನೆ ನಿಮ್ಮ ಕೌಂಟರಿನ ಮೇಡಂ ಹತ್ತಿರ, ಅತ್ತೆ ಬಡಿಸದಿದ್ದರೆ ದೊರೆ ಅನ್ನ ಮುಟ್ಟುವುದಿಲ್ಲ, ಸೊರಗಿ ಹೋಗುತ್ತಾನೆ ಎಂದು ಕಣ್ಣೊರೆಸಿಕೊಂಡು ಹೇಳಿ ಬಂದಿದ್ದೆ. ಅದು ಸುಳ್ಳು. ಕಳೆದ ತಿಂಗಳು ಅತ್ತೆ ಜ್ವರ ಬಂದು ಮಲಗಿದ್ದಾಗ ದೊರೆ ತನ್ನ ಪಾಲನ್ನು ತಿಂದು, ನನ್ನ ತಟ್ಟೆಯನ್ನೂ ಖಾಲಿ ಮಾಡಿದ. ಊಟ ಬಿಟ್ಟವನು ಅವನಲ್ಲ.